ಹೋಟೆಲ್ ಬಾಗಿಲಿನ ನಗುಮುಖ: ಶುಚಿತ್ವ ರೇಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ಹೋಟೆಲ್ ಅಡುಗೆಯವರಿಗೆ ಶುಚಿತ್ವದ ತರಬೇತಿ ಕೊಡುವುದು ನನ್ನ ಕೆಲಸ. ಹಾಗಾಗಿ ಬೀಗರ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ, ಪತ್ರ ಬರೆದೂ ಕೇಳುತ್ತಾರೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಮಾಲೀಕರು ಕೇಳುವವು, ಕೊನೆಗೆ ಸ್ವಲ್ಪ ಆಳದವು.

## ಮೊದಲು ತಿಳಿಯಬೇಕಾದವು

ಕೆಲವು ಹೋಟೆಲ್ ಬಾಗಿಲಲ್ಲಿ ನಗುಮುಖ ಇರೋ ಸರ್ಟಿಫಿಕೇಟ್ ಅಂಟಿಸಿರ್ತಾರಲ್ಲ, ಏನದು?

ಅದು ಶುಚಿತ್ವ ರೇಟಿಂಗ್. ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ನಡೆಸುವ ಯೋಜನೆ. ಪ್ರಾಧಿಕಾರದ ಮಾನ್ಯತೆ ಇರುವ ಸಂಸ್ಥೆಯ ಆಡಿಟರ್ ಅಡುಗೆಮನೆಗೆ ಬರುತ್ತಾರೆ. ಪಟ್ಟಿ ಹಿಡಿದು ಒಂದೊಂದೇ ನೋಡಿ ಅಂಕ ಹಾಕುತ್ತಾರೆ. ಆ ಅಂಕವೇ 1ರಿಂದ 5ರವರೆಗಿನ ನಗುಮುಖಗಳಾಗಿ ಸರ್ಟಿಫಿಕೇಟ್ ಮೇಲೆ ಬರುತ್ತದೆ. 5 ಬಂದರೆ ಎಲ್ಲಕ್ಕಿಂತ ಮೇಲು. ಹೋಟೆಲ್‌ಗಳ ಜೊತೆಗೆ ಬೇಕರಿ, ಸಿಹಿತಿಂಡಿ ಅಂಗಡಿ, ಮಾಂಸದಂಗಡಿಯವರೂ ಇದನ್ನು ಪಡೆಯಬಹುದು.

ನಗುಮುಖ ಎಣಿಸಿ ಸುಮ್ಮನಾಗಬೇಡಿ. ಅದು ಯಾವ ದಿನಾಂಕದವರೆಗೆ ಅಂತಲೂ ಓದಿ. ಅವಧಿ ಮುಗಿದ ಸರ್ಟಿಫಿಕೇಟ್‌ಗೆ ಚೌಕಟ್ಟು ಹಾಕಿ ಗಲ್ಲಾದ ಹಿಂದೆ ನೇತುಹಾಕಿರುವುದನ್ನು ನೋಡಿದ್ದೇನೆ. ಅದರಿಂದ ಇವತ್ತಿನ ಅಡುಗೆಮನೆ ಹೇಗಿದೆ ಅಂತ ಗೊತ್ತಾಗುವುದಿಲ್ಲ.

ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇದೆ. ಅದೇ ರೇಟಿಂಗ್ ಅಲ್ವಾ?

ಅಲ್ಲ. ಜನ ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಲೈಸೆನ್ಸ್ ಅಂದರೆ ಆಹಾರ ಮಾರಲು ಅನುಮತಿ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಅದು ಕಡ್ಡಾಯ. ಚಿಕ್ಕ ವ್ಯಾಪಾರಕ್ಕೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸ್. ಎರಡಕ್ಕೂ 14 ಅಂಕಿಯ ನಂಬರ್ ಇರುತ್ತದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಆದ್ದರಿಂದ ನಮ್ಮ ಊರಿನ ಹೋಟೆಲ್‌ಗಳ ನಂಬರ್ ಸಾಮಾನ್ಯವಾಗಿ 112 ಅಥವಾ 212ರಿಂದ ಶುರುವಾಗುತ್ತದೆ. ಅದರ ಮುಂದಿನ ಎರಡು ಅಂಕಿ ಇಸವಿ. 2022ರಿಂದ ಈ ನಂಬರ್ ಬಿಲ್ ಮೇಲೂ ಇರಬೇಕು.

ಲೈಸೆನ್ಸ್ ಇಲ್ಲದೆ ಹೋಟೆಲ್ ನಡೆಸುವಂತಿಲ್ಲ. ರೇಟಿಂಗ್ ಇಲ್ಲದೆ ನಡೆಸಬಹುದು. ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ ಇವೆರಡಕ್ಕೂ ಸೇರದ ಬೇರೆ ಕಾಗದ.

ರೇಟಿಂಗ್ ಜಾಸ್ತಿ ಇದ್ರೆ ಊಟನೂ ಚೆನ್ನಾಗಿರುತ್ತಾ?

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ದೋಸೆ ಗರಿಗರಿ ಇದೆಯಾ, ಸಾಗು ಹದವಾಗಿದೆಯಾ ಅಂತ ಆಡಿಟರ್ ನೋಡುವುದೇ ಇಲ್ಲ.

ಆ್ಯಪ್‌ನಲ್ಲಿ 4.5 ಸ್ಟಾರ್ ಇದೆ. ಅದು ಸಾಲದಾ?

ಆ ಸ್ಟಾರ್ ಕೊಟ್ಟವರು ನಿಮ್ಮ ಹಾಗೇ ತರಿಸಿಕೊಂಡು ತಿಂದವರು. ರುಚಿ, ಬೆಲೆ, ಬೇಗ ಬಂತಾ, ಬಿಸಿ ಇತ್ತಾ ಅಂತ ನೋಡಿ ಕೊಟ್ಟಿದ್ದು. ಅಡುಗೆಮನೆ ಒಳಗೆ ಕಾಲಿಟ್ಟವರು ಅವರಲ್ಲಿ ಯಾರೂ ಇಲ್ಲ. ನೀರಿನ ಟ್ಯಾಂಕ್ ಕೊನೆಯ ಸಲ ಯಾವಾಗ ತೊಳೆದರು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಸ್ವಿಗ್ಗಿ, ಜೊಮ್ಯಾಟೊದಲ್ಲಿ ಹೋಟೆಲ್ ಪುಟದ ಕೊನೆಯವರೆಗೆ ಹೋದರೆ ಎಫ್‌ಎಸ್‌ಎಸ್‌ಎಐ ನಂಬರ್ ಸಿಗುತ್ತದೆ. ಮೊದಲು ಅದನ್ನು ನೋಡಿ.

ನಾವು ದಿನಾ ಹೋಗೋ ಹೋಟೆಲ್‌ನಲ್ಲಿ ಈ ನಗುಮುಖ ಇಲ್ವೇ ಇಲ್ಲ. ಹಾಗಾದ್ರೆ ಅದು ಕೊಳಕಾ?

ಖಂಡಿತ ಹಾಗಲ್ಲ. ನಮ್ಮ ದೇಶದಲ್ಲಿ ಈ ರೇಟಿಂಗ್ ಮಾಲೀಕರ ಇಷ್ಟಕ್ಕೆ ಬಿಟ್ಟಿದ್ದು. ಕೇಳಿದವರಿಗೆ ಮಾತ್ರ ಆಡಿಟ್ ಆಗುತ್ತದೆ. ಅಗ್ರಹಾರದ ಕಡೆ, ದೇವರಾಜ ಮಾರುಕಟ್ಟೆಯ ಸುತ್ತ, ಮಂಡ್ಯದ ಪೇಟೆ ಬೀದಿಯಲ್ಲಿ ತಲೆಮಾರುಗಳಿಂದ ಶುಚಿಯಾಗಿ ನಡೆದುಬಂದ ಹೋಟೆಲ್‌ಗಳಿವೆ. ಈ ಯೋಜನೆಯ ಹೆಸರನ್ನೇ ಕೇಳದ ಮಾಲೀಕರು ಅವರಲ್ಲಿ ಎಷ್ಟೋ ಜನ. ಆದರೆ ರೇಟಿಂಗ್ ಇಲ್ಲ ಅಂದರೆ ಹೊರಗಿನವರು ಬಂದು ನೋಡಿಲ್ಲ ಅಂತಲೂ ಅರ್ಥ ಅಲ್ವಾ? ಅಲ್ಲಿ ನಾವು ನಂಬಿ ತಿನ್ನುತ್ತಿದ್ದೇವೆ. ಅದು ತಪ್ಪಲ್ಲ. ಕೇಳಿ ತಿಳಿದುಕೊಳ್ಳುವುದೂ ತಪ್ಪಲ್ಲ.

## ತಿನ್ನುವವರಿಗೆ

ಆಡಿಟ್‌ಗೆ ಬಂದವರು ಒಳಗೆ ಏನೇನು ನೋಡ್ತಾರೆ?

ನೆಲ, ಗೋಡೆ, ಚರಂಡಿ, ಕಸದ ಬುಟ್ಟಿ ಎಲ್ಲವನ್ನೂ ನೋಡುತ್ತಾರೆ. ಆದರೆ ಕಾಯಿಲೆ ತರುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆ ಇರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಬಿಸಿ ಮತ್ತು ತಂಪು. ರೋಗಾಣುಗಳು ಬೇಗ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ಬಿಸಿಯಾಗಿ ಬಡಿಸುವುದು 60ಕ್ಕಿಂತ ಮೇಲಿರಬೇಕು, ತಂಪಾಗಿ ಇಡುವುದು 5ಕ್ಕಿಂತ ಕೆಳಗಿರಬೇಕು. ನಮ್ಮ ಹೋಟೆಲ್‌ಗಳಲ್ಲಿ ಸಾಂಬಾರ್ ಕುದಿಯುತ್ತಲೇ ಇರುತ್ತದೆ, ಅದರ ಚಿಂತೆ ಕಡಿಮೆ. ಚಿಂತೆ ಇರುವುದು ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೂ ಬಕೆಟ್‌ನಲ್ಲೇ ಕೂತ ಕಾಯಿ ಚಟ್ನಿಯದು. ಇನ್ನೊಂದು, ರಾತ್ರಿ ಮಿಕ್ಕ ಅನ್ನದ್ದು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಹೊರಗೆ ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಮಾರನೇ ದಿನ ಚಿತ್ರಾನ್ನಕ್ಕೋ ಫ್ರೈಡ್ ರೈಸ್‌ಗೋ ಬಾಣಲೆಯಲ್ಲಿ ಎಷ್ಟೇ ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. 'ಚೆನ್ನಾಗಿ ಕಾಯಿಸಿದ್ದೀವಿ ಸಾರ್, ಏನಾಗಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್‌ಗೆ ಇಡಬೇಕು.

ಎರಡನೆಯದು ಹಸಿ ಮತ್ತು ಬೆಂದದ್ದು. ನಮ್ಮ ಮಿಲಿಟರಿ ಹೋಟೆಲ್‌ಗಳಲ್ಲಿ ಇದನ್ನೇ ಹೆಚ್ಚು ಗಮನಿಸುತ್ತಾರೆ. ಕೋಳಿ ಕತ್ತರಿಸಿದ ಮಣೆಯ ಮೇಲೆ ಈರುಳ್ಳಿ, ಸೌತೆಕಾಯಿ ಹೆಚ್ಚಿದರೆ ಹಸಿ ಮಾಂಸದ ರೋಗಾಣು ಬೇಯಿಸದ ತರಕಾರಿಗೆ ಅಂಟುತ್ತದೆ. ಮಣೆ, ಚಾಕು ಬೇರೆ ಬೇರೆ ಇರಬೇಕು. ಫ್ರಿಜ್‌ನಲ್ಲಿ ಹಸಿ ಮಾಂಸ ಕೆಳಗೆ, ಬೆಂದದ್ದು ಮೇಲೆ ಇರಬೇಕು.

ಮೂರನೆಯದು ಕೈ. ಕೈ ತೊಳೆಯುವ ಜಾಗದಲ್ಲಿ ಸೋಪು ಇದೆಯಾ, ಅಥವಾ ಪಾತ್ರೆ ತೊಳೆಯುವ ತೊಟ್ಟಿಯಲ್ಲೇ ಕೈ ಅದ್ದುತ್ತಾರಾ ಅಂತ ನೋಡುತ್ತಾರೆ. ಕೈಯಲ್ಲಿ ಗಾಯ, ಕೀವು ಇದ್ದರೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಊಟಕ್ಕೆ ಸೇರುತ್ತದೆ. ಅದರ ವಿಷವೂ ಬಿಸಿಗೆ ಬಗ್ಗದು. ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಬೇಕು. ಅಡುಗೆಯವರಿಗೆ, ಬಡಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಿರಬೇಕು, ಟೈಫಾಯ್ಡ್ ಲಸಿಕೆ ಹಾಕಿಸಿರಬೇಕು.

ಕೊನೆಗೆ ಕಾಗದಪತ್ರ: ನೀರಿನ ಪರೀಕ್ಷೆ, ಇಲಿ-ಜಿರಲೆ ಔಷಧಿ ಹೊಡೆಸಿದ ದಾಖಲೆ, ತರಬೇತಿ ಪತ್ರ. ಕರಿಯುವ ಎಣ್ಣೆಯನ್ನೂ ನೋಡುತ್ತಾರೆ. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಅಂಶ ಶೇ 25 ದಾಟಬಾರದು ಅನ್ನುವ ನಿಯಮ 2018ರ ಜುಲೈನಿಂದ ಇದೆ.

ರೇಟಿಂಗ್ ಇಲ್ಲದ ಕಡೆ ನಾನೇ ಹೇಗೆ ತಿಳ್ಕೊಳ್ಳಲಿ?

ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ. ಅಲ್ಲಿ ಸೋಪು ಇದೆಯಾ? ಮೇಜು ಒರೆಸುವ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸುತ್ತಾರಾ? ದುಡ್ಡು ಮುಟ್ಟಿದ ಕೈಯಲ್ಲೇ ಇಡ್ಲಿ ಹಾಕುತ್ತಾರಾ? ಇಡ್ಲಿ ತಟ್ಟೆಗೆ ಬಟ್ಟೆ ಹಾಸಿದ್ದಾರಾ, ಪ್ಲಾಸ್ಟಿಕ್ ಹಾಳೆಯಾ? ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್‌ನ ರಾಸಾಯನಿಕ ಇಡ್ಲಿಗೆ ಇಳಿಯುತ್ತದೆ ಅಂತ 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸಿದೆ. ವಡೆ, ಬೋಂಡಾವನ್ನು ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಕೊಡುವುದಕ್ಕೂ ಅನುಮತಿ ಇಲ್ಲ. ಎಣ್ಣೆ ಹೀರಿದ ಕಾಗದದ ಶಾಯಿ ನೇರ ಹೊಟ್ಟೆಗೇ ಹೋಗುತ್ತದೆ. ಬಾಳೆಲೆ ಕೇಳಿ, ನಮ್ಮ ಸೀಮೆಯಲ್ಲಿ ಅದಕ್ಕೇನು ಬರ?

ತುಂಬಾ ಗಿರಾಕಿ ಇರುವುದು ಒಳ್ಳೆಯ ಗುರುತು ಅಂತ ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಮಾಡಿದ್ದು ಬೇಗ ಖಾಲಿಯಾಗುತ್ತದೆ, ಹಳಸುವುದಿಲ್ಲ. ಆದರೆ ಜನ ಜಾಸ್ತಿಯಾದಾಗ ಲೋಟ ತೊಳೆಯುವ ನೀರು ಬದಲಾಗುವುದೂ ಕಡಿಮೆಯಾಗುತ್ತದೆ.

ರಸ್ತೆ ಬದಿ ಗಾಡಿಗಳಿಗೆ ಇದೆಲ್ಲ ಅನ್ವಯಿಸುತ್ತಾ?

ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ. ರೇಟಿಂಗ್ ಬದಲು ಗಾಡಿಗಳಿಗೆ ಬೇರೆ ದಾರಿ ಇದೆ. ಒಂದೇ ಕಡೆ ಸೇರಿದ ಗಾಡಿಗಳ ಗುಂಪಿಗೆ ತರಬೇತಿ, ನೀರು, ಕಸ ವಿಲೇವಾರಿ ಎಲ್ಲ ಒದಗಿಸಿ 'ಈಟ್ ರೈಟ್ ಸ್ಟ್ರೀಟ್ ಫುಡ್ ಹಬ್' ಅಂತ ಪ್ರಮಾಣಪತ್ರ ಕೊಡುತ್ತಾರೆ. ಮೊದಲು ಇದಕ್ಕೆ 'ಕ್ಲೀನ್ ಸ್ಟ್ರೀಟ್ ಫುಡ್ ಹಬ್' ಅಂತ ಹೆಸರಿತ್ತು. ದೇಶದಲ್ಲಿ ಮೊದಲು ಸಿಕ್ಕಿದ್ದು 2018ರಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆ ಬಳಿಯ ಗಾಡಿಗಳಿಗೆ. ದಸರಾ ಆಹಾರ ಮೇಳದಂಥ ಕಡೆ, ಸಾವಿರಾರು ಜನ ನಿಂತೇ ತಿನ್ನುವಾಗ, ಈ ಮಾದರಿ ತುಂಬಾ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಗೋಬಿ ಮಂಚೂರಿಯ ಕೆಂಪು ಬಣ್ಣದ ಬಗ್ಗೆಯೂ ಕೇಳುತ್ತಾರೆ. ರೊಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಗೋಬಿಯಲ್ಲೂ ಬಾಂಬೆ ಮಿಠಾಯಿಯಲ್ಲೂ ಅದು ಸಿಕ್ಕ ಮೇಲೆ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಕ್ರಮ ತೆಗೆದುಕೊಂಡಿತು. ಕಬಾಬ್‌ಗೆ ಕೃತಕ ಬಣ್ಣ ಹಾಕುವುದೂ ಅದೇ ವರ್ಷ ನಿಷೇಧವಾಯಿತು. ಪ್ಲೇಟು ಕಣ್ಣಿಗೆ ಹೊಡೆಯುವಷ್ಟು ಕೆಂಪಗಿದ್ದರೆ ವಾಪಸ್ ಕೊಡಿ.

ಪಾರ್ಸೆಲ್ ತರಿಸಿದ್ರೆ ಬಾಗಿಲೇ ಕಾಣಲ್ಲ. ಆಗ?

ಪಾರ್ಸೆಲ್‌ನಲ್ಲಿ ಎರಡು ಸಮಸ್ಯೆ ಇವೆ. ಅಡುಗೆಮನೆ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಒಂದೇ ಅಡುಗೆಮನೆಯಿಂದ ನಾಲ್ಕು ಹೆಸರಿನಲ್ಲಿ ಊಟ ಹೋಗುವುದೂ ಉಂಟು. ಬಿಲ್ ಮೇಲಿನ ಎಫ್‌ಎಸ್‌ಎಸ್‌ಎಐ ನಂಬರ್ ಹಿಡಿದು ಆನ್‌ಲೈನ್‌ನಲ್ಲಿ ಹುಡುಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ತಿಳಿಯುತ್ತದೆ.

ಎರಡನೆಯ ಸಮಸ್ಯೆ ಸಮಯದ್ದು. ಊಟ ಬಂದ ಮೇಲೆ ಟಿವಿ ಮುಂದೆ ಇಟ್ಟುಕೊಂಡು ತಡ ಮಾಡಬೇಡಿ. ಎರಡು ಗಂಟೆ ಒಳಗೆ ತಿನ್ನಿ, ಇಲ್ಲವೇ ಫ್ರಿಜ್‌ಗೆ ಇಡಿ. ಹೋಟೆಲ್‌ಗೆ 5 ನಗುಮುಖ ಬಂದಿದ್ದರೂ ನಿಮ್ಮ ಮನೆಯಲ್ಲಿ ಕಳೆದ ಹೊತ್ತಿಗೆ ಅವರು ಜವಾಬ್ದಾರರಲ್ಲ.

ಹೋಟೆಲ್‌ನಲ್ಲಿ ತಿಂದು ಹೊಟ್ಟೆ ಕೆಟ್ಟಿತು. ಯಾರಿಗೆ ಹೇಳಬೇಕು?

ಮೊದಲು ವೈದ್ಯರಿಗೆ. ಓಆರ್‌ಎಸ್ ಕುಡಿಯುತ್ತಿರಿ. ಆಮೇಲೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಯ ಕಚೇರಿಗೆ ಲಿಖಿತವಾಗಿ ತಿಳಿಸಿ. ಮೈಸೂರಿಗೆ ಬೇರೆ, ಮಂಡ್ಯಕ್ಕೆ ಬೇರೆ ಕಚೇರಿ ಇದೆ. ಮೊಬೈಲ್‌ನಲ್ಲಿ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್ ಮೂಲಕವೂ ದೂರು ಕೊಡಬಹುದು. ಬಿಲ್, ತಿಂದ ಹೊತ್ತು, ಕಾಯಿಲೆ ಶುರುವಾದ ಹೊತ್ತು, ಜೊತೆಗೆ ತಿಂದವರಲ್ಲಿ ಯಾರಿಗೆ ಏನಾಯಿತು ಅಂತ ಬರೆಯಿರಿ. ಕೋಪದ ಮಾತಿಗಿಂತ ಈ ವಿವರಕ್ಕೆ ಬೆಲೆ ಜಾಸ್ತಿ.

ಒಂದು ಎಚ್ಚರಿಕೆ. ಕೊನೆಯಲ್ಲಿ ತಿಂದ ಊಟವೇ ಕಾರಣ ಅಂತ ನಾವು ಅಂದುಕೊಳ್ಳುತ್ತೇವೆ. ಸ್ಟ್ಯಾಫಿಲೊಕಾಕಸ್ ವಿಷ ಕೆಲವೇ ಗಂಟೆಗಳಲ್ಲಿ ವಾಂತಿ ತರಿಸುತ್ತದೆ, ಸರಿ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ ಒಂದೆರಡು ದಿನ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಟೈಫಾಯ್ಡ್‌ಗೆ ವಾರಗಳೇ ಬೇಕು. ತನಿಖೆ ಆಗುವ ಮೊದಲೇ ಹೋಟೆಲ್ ಹೆಸರನ್ನು ವಾಟ್ಸಾಪ್‌ನಲ್ಲಿ ಹರಿಯಬಿಟ್ಟರೆ ತಪ್ಪು ಮಾಡದವರ ಬದುಕು ಹಾಳಾಗುತ್ತದೆ.

ನಾನೇ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಬಹುದಾ?

ಮಾಡಿಸಬಹುದು. ಕಾಯ್ದೆಯ 40ನೇ ಸೆಕ್ಷನ್ ಆ ಹಕ್ಕು ಕೊಡುತ್ತದೆ. ಕೊಳ್ಳುವಾಗಲೇ ಅಂಗಡಿಯವರಿಗೆ 'ಇದನ್ನು ಪರೀಕ್ಷೆಗೆ ಕಳಿಸುತ್ತೇನೆ' ಅಂತ ತಿಳಿಸಬೇಕು, ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಗೆ ಕೊಡಬೇಕು. ದೋಷ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ವರದಿ ಒಪ್ಪದಿದ್ದರೆ ಮೇಲ್ಮನವಿಗೆ ಅವಕಾಶ ಇದೆ, ಆಗ ಆ ಆಹಾರದ ಸ್ಯಾಂಪಲ್ ಮರುಪರೀಕ್ಷೆಗೆ ರೆಫರಲ್ ಪ್ರಯೋಗಾಲಯಕ್ಕೆ ಹೋಗಬಹುದು. ದೇಶದ ಅಂಥ ಪ್ರಯೋಗಾಲಯಗಳಲ್ಲಿ ಒಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಸಂಸ್ಥೆ.

## ಹೋಟೆಲ್ ನಡೆಸುವವರಿಗೆ

ಮಂಡ್ಯದಲ್ಲಿ ನಮ್ಮದು ಚಿಕ್ಕ ಮೆಸ್. ನಮಗೆ ಯಾಕೆ ಇದು?

ಕಬ್ಬಿನ ಲಾರಿಯವರು, ಕಾಲೇಜು ಹುಡುಗರು ದಿನಾ ಎರಡು ಹೊತ್ತು ನಿಮ್ಮಲ್ಲೇ ಉಣ್ಣುತ್ತಾರೆ. ಅವರಿಗೆ ಇನ್ನೊಂದು ಅಡುಗೆಮನೆ ಇಲ್ಲ. ತಿಂಗಳಿಗೊಮ್ಮೆ ತಿನ್ನುವ ದೊಡ್ಡ ಹೋಟೆಲ್‌ನ ಶುಚಿತ್ವಕ್ಕಿಂತ ನಿಮ್ಮ ಶುಚಿತ್ವವೇ ಜನರ ಆರೋಗ್ಯವನ್ನು ಹೆಚ್ಚು ಕಾಯುತ್ತದೆ. ರೇಟಿಂಗ್‌ಗೆ ಹೋಗುವುದು ಆಮೇಲಿನ ಮಾತು. ಮೊದಲು ಆಡಿಟ್ ಪಟ್ಟಿ ಇಟ್ಟುಕೊಂಡು ನೀವೇ ಅಂಕ ಹಾಕಿಕೊಳ್ಳಿ. ಸೋಪು, ಬೇರೆ ಮಣೆ, ಮುಚ್ಚಳ ಇರುವ ಕಸದ ಡಬ್ಬ, ಒಂದು ಥರ್ಮಾಮೀಟರ್, ಇವಕ್ಕೆ ಎಷ್ಟು ಖರ್ಚಾದೀತು? ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಅನ್ನುವ ಆಹಾರ ಸುರಕ್ಷತೆ ತರಬೇತಿ ಇದೆ. 25 ಕೆಲಸಗಾರರಿಗೆ ಒಬ್ಬರಂತೆ ಆ ತರಬೇತಿ ಪಡೆದವರು ಇರಬೇಕು. ಚಿಕ್ಕ ಮೆಸ್‌ನಲ್ಲಿ ಯಜಮಾನ್ರೋ ಯಜಮಾನಿಯೋ ಹೋಗಿ ಬಂದರೆ ಸಾಕು.

ಹಳೇ ಕಟ್ಟಡ, ಸೌದೆ ಒಲೆ. ನಮಗೆ 5 ಬರಲು ಸಾಧ್ಯನಾ?

ಸೌದೆ ಒಲೆ ಇದೆ ಅಂತ ಅಂಕ ಹೋಗುವುದಿಲ್ಲ. ಗೋಡೆಯ ಸುಣ್ಣ ಉದುರಿ ಪಾತ್ರೆಗೆ ಬಿದ್ದರೆ, ಹೊಗೆ ಹೊರಗೆ ಹೋಗದಿದ್ದರೆ, ಹೆಂಚಿನ ಸಂದಿಯಲ್ಲಿ ಇಲಿ ಓಡಾಡಿದರೆ ಹೋಗುತ್ತದೆ. ತೊಳೆಯಲು ಬರುವ ಗೋಡೆ, ನೀರು ನಿಲ್ಲದ ನೆಲ, ಕಿಟಕಿಗೆ ಜಾಲರಿ. ಹಳೇ ಮೈಸೂರು ಮನೆಗಳಲ್ಲಿ ನಡೆಯುವ ಹೋಟೆಲ್‌ಗಳೂ ಇಷ್ಟು ಮಾಡಬಹುದು.

ಕಡಿಮೆ ಬಂದ್ರೆ ಹೋಟೆಲ್ ಮುಚ್ಚಿಸ್ತಾರಾ?

ಇಲ್ಲ. ರೇಟಿಂಗ್ ಬೇರೆ, ಸರ್ಕಾರಿ ತಪಾಸಣೆ ಬೇರೆ. ಆಡಿಟರ್‌ಗೆ ಮುಚ್ಚಿಸುವ ಅಧಿಕಾರ ಇಲ್ಲ. ಸರಿ ಮಾಡಿಕೊಂಡು ಮತ್ತೆ ಆಡಿಟ್ ಕೇಳಬಹುದು. ಸರ್ಕಾರದ ಆಹಾರ ಸುರಕ್ಷತಾಧಿಕಾರಿ ಬಂದಾಗ ಲೋಪ ಕಂಡರೆ, ಅಂಕಿತ ಅಧಿಕಾರಿ ಸುಧಾರಣಾ ನೋಟಿಸ್ ಕೊಡುತ್ತಾರೆ. ಸರಿಪಡಿಸಲು ಕನಿಷ್ಠ 14 ದಿನ ಸಿಗುತ್ತದೆ. ಕೊಳಕು ಜಾಗದಲ್ಲಿ ಆಹಾರ ತಯಾರಿಸಿದ್ದಕ್ಕೆ 56ನೇ ಸೆಕ್ಷನ್ ಅಡಿ 1 ಲಕ್ಷ ರೂಪಾಯಿವರೆಗೆ ದಂಡ ಇದೆ.

## ಇನ್ನೂ ಆಳಕ್ಕೆ

ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಪ್ರತಿ ಅಂಗಡಿಗೂ ಸ್ಟಿಕ್ಕರ್ ಇದೆಯಂತೆ. ಅಲ್ಲಿ ಹೇಗೆ?

ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ 2010ರಿಂದ ಈ ಪದ್ಧತಿ ಇದೆ. ಹಸಿರು-ಕಪ್ಪು ಸ್ಟಿಕ್ಕರ್, 0ಯಿಂದ 5. ಅಂಕ ಕೊಡುವವರು ಸ್ಥಳೀಯ ಕೌನ್ಸಿಲ್‌ನ ಅಧಿಕಾರಿಗಳು. ಹೋಟೆಲ್ ಕೇಳಲಿ ಬಿಡಲಿ, ಅವರು ಬಂದೇ ಬರುತ್ತಾರೆ. ನೋಡುವುದು ಮೂರು: ಆಹಾರ ನಿಭಾಯಿಸುವ ರೀತಿ, ಕಟ್ಟಡದ ಸ್ಥಿತಿ, ಮಾಲೀಕರು ಸುರಕ್ಷತೆಯನ್ನು ನಡೆಸಿಕೊಂಡು ಹೋಗುವ ಕ್ರಮ. 0 ಅಂದರೆ ತುರ್ತಾಗಿ ಸರಿಪಡಿಸಬೇಕು ಅಂತ. ಸ್ಕಾಟ್ಲೆಂಡ್‌ನಲ್ಲಿ ಅಂಕ ಇಲ್ಲ, ಪಾಸ್ ಅಥವಾ ಸುಧಾರಣೆ ಬೇಕು, ಅಷ್ಟೇ.

ವೇಲ್ಸ್‌ನಲ್ಲಿ 2013ರ ನವೆಂಬರ್‌ನಿಂದ, ಉತ್ತರ ಐರ್ಲೆಂಡಿನಲ್ಲಿ 2016ರ ಅಕ್ಟೋಬರ್‌ನಿಂದ ಸ್ಟಿಕ್ಕರ್ ಬಾಗಿಲಿಗೆ ಹಾಕುವುದು ಕಡ್ಡಾಯ. ನಿಮ್ಮ ಮಗ ಇರುವ ಇಂಗ್ಲೆಂಡಿನಲ್ಲಿ ಕಡ್ಡಾಯ ಅಲ್ಲ. ಅಲ್ಲಿ ಬಾಗಿಲಲ್ಲಿ ಸ್ಟಿಕ್ಕರ್ ಕಾಣದಿದ್ದರೆ ಅನುಮಾನಪಟ್ಟು ಆನ್‌ಲೈನ್‌ನಲ್ಲಿ ನೋಡಲು ಹೇಳಿ. ಎಲ್ಲರ ಅಂಕವೂ ಅಲ್ಲಿ ಸಿಗುತ್ತದೆ.

ಬಾಗಿಲಿಗೆ ಹಾಕಿದ್ರೆ ನಿಜವಾಗ್ಲೂ ಏನಾದ್ರೂ ಬದಲಾಗುತ್ತಾ?

ಇದರ ಮೇಲೆ ಜಾಸ್ತಿ ಚರ್ಚೆ ನಡೆದಿದ್ದು ಅಮೆರಿಕದ ಲಾಸ್ ಏಂಜಲಿಸ್ ಬಗ್ಗೆ. 1997ರ ನವೆಂಬರ್‌ನಲ್ಲಿ ಒಂದು ಟಿವಿ ಚಾನೆಲ್ ಅಲ್ಲಿನ ಹೋಟೆಲ್ ಅಡುಗೆಮನೆಗಳನ್ನು ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. ಜನ ಸಿಟ್ಟಾದರು. 1998ರ ಜನವರಿಯಲ್ಲಿ ಶುಚಿತ್ವದ ದರ್ಜೆ ತೋರಿಸುವ ಎ, ಬಿ, ಸಿ ಕಾರ್ಡ್‌ಗಳು ಬಾಗಿಲಿಗೆ ಬಂದವು. ಕಾರ್ಡ್ ಬಂದ ಮೇಲೆ ಊಟದಿಂದ ಕಾಯಿಲೆಯಾಗಿ ಆಸ್ಪತ್ರೆ ಸೇರುವವರು ಕಡಿಮೆಯಾದರು ಅಂತ 2003ರ ಒಂದು ಅಧ್ಯಯನ ಹೇಳಿತು. ಜಗತ್ತೆಲ್ಲ ಅದನ್ನೇ ತೋರಿಸಿತು. 2019ರಲ್ಲಿ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಕೆದಕಿ, ಆ ಇಳಿಕೆಗೆ ಕಾರ್ಡ್ ಕಾರಣ ಅನ್ನಲು ಆಧಾರ ಗಟ್ಟಿಯಿಲ್ಲ ಅಂದರು.

ಹಾಗಂತ ಬಾಗಿಲಿಗೆ ಹಾಕುವುದು ವ್ಯರ್ಥ ಅಂತ ನಾನು ಒಪ್ಪುವುದಿಲ್ಲ. ಕಾಯಿಲೆ ಎಷ್ಟು ಇಳಿಯಿತು ಅಂತ ಅಳೆಯುವುದು ಕಷ್ಟ, ಹೊಟ್ಟೆ ಕೆಟ್ಟವರಲ್ಲಿ ಆಸ್ಪತ್ರೆಗೆ ಹೋಗುವವರೇ ಕಮ್ಮಿ. ತಾನು ಉಣ್ಣುವ ಜಾಗ ಹೇಗಿದೆ ಅಂತ ಕೂರುವ ಮೊದಲೇ ತಿಳಿಯುವುದು ಗಿರಾಕಿಯ ಹಕ್ಕು.

ಆಡಿಟ್‌ಗೆ ಹೋಟೆಲ್‌ನವರೇ ದುಡ್ಡು ಕೊಡ್ತಾರೆ. ಅದನ್ನ ಹೇಗೆ ನಂಬೋದು?

ಒಳ್ಳೆಯ ಪ್ರಶ್ನೆ. ನಮ್ಮ ಯೋಜನೆಯ ದುರ್ಬಲ ಜಾಗ ಇದೇ. ಶುಲ್ಕ ಕೊಡುವವರಿಗೇ ಅಂಕ ಕೊಡುವಾಗ ಕೈ ಸಡಿಲವಾಗುವ ಅಪಾಯ ಇದ್ದೇ ಇದೆ. ಆಡಿಟ್ ಯಾವತ್ತು ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ರಾತ್ರಿ ಎಲ್ಲ ತೊಳೆದಿಡುವುದೂ ನಡೆಯುತ್ತದೆ. ಆದರೂ ಒಂದೇ ರಾತ್ರಿಯಲ್ಲಿ ನೀರಿನ ವರದಿ, ಲಸಿಕೆ ಪತ್ರ, ಫ್ರಿಜ್ ಉಷ್ಣಾಂಶ ಬರೆದಿಟ್ಟ ಪುಸ್ತಕ ಹುಟ್ಟುವುದಿಲ್ಲ. ಒಳ್ಳೆಯ ಆಡಿಟರ್ ಮೊದಲು ಕೇಳುವುದು ಅವನ್ನೇ. ಇನ್ನೊಂದು ತೊಂದರೆ ಕಾಣದೇ ಹೋಗುತ್ತದೆ. 5 ಬಂದವರು ಬಾಗಿಲಿಗೆ ಹಾಕುತ್ತಾರೆ, 2 ಬಂದವರು ಬೀರುವಿನಲ್ಲಿ ಇಡುತ್ತಾರೆ. ಹಾಗಾಗಿ ಬೀದಿಯಲ್ಲಿ ನಮಗೆ ಕಾಣುವುದೆಲ್ಲ ಒಳ್ಳೆಯ ಅಂಕಗಳೇ.

ಹಾಗಾದ್ರೆ ನಮ್ಮಲ್ಲೂ ಕಡ್ಡಾಯ ಮಾಡಬೇಕು ಅಂತೀರಾ?

ಹೌದು, ಆದರೆ ಹಂತ ಹಂತವಾಗಿ. ಮೊದಲು ಪ್ರವಾಸಿಗಳು ಹೆಚ್ಚು ಬರುವ ಕಡೆ: ಅರಮನೆ, ಚಾಮುಂಡಿ ಬೆಟ್ಟದ ಸುತ್ತ, ಶ್ರೀರಂಗಪಟ್ಟಣ, ಮದ್ದೂರಿನ ಹೆದ್ದಾರಿ ಬದಿ. ಅಲ್ಲಿ ತಿಂದವರು ಸಂಜೆ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾರೆ. ಕಾಯಿಲೆಯಾದರೂ ದೂರು ಕೊಡಲು ವಾಪಸ್ ಬರುವುದಿಲ್ಲ. ಮಾಲೀಕರಿಗೆ ಗಿರಾಕಿ ಕಳೆದುಕೊಳ್ಳುವ ಭಯವೂ ಕಡಿಮೆ. ಆಮೇಲೆ ಹಾಸ್ಟೆಲ್, ಪಿಜಿ ಅಡುಗೆಮನೆಗಳಿಗೆ ಬರಲಿ. ಚಿಕ್ಕ ಮೆಸ್, ಗಾಡಿಗಳವರಿಗೆ ಸರ್ಕಾರವೇ ಪುಕ್ಕಟೆ ತರಬೇತಿ, ಪುಕ್ಕಟೆ ಮೊದಲ ಆಡಿಟ್ ಕೊಡಬೇಕು. ಅಂಕ ಕೊಡುವವರಿಗೆ ಸಂಬಳ ಹೋಟೆಲ್‌ನಿಂದ ಬರಬಾರದು. ಎಷ್ಟೇ ಬಂದಿರಲಿ, ಅಂಕ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಬಾಗಿಲಲ್ಲೇ ಕಾಣಬೇಕು.